ಕೆ.ಸಿ. ವ್ಯಾಲಿ ನೀರಿನಿಂದ ಬೋರ್‌ವೆಲ್‌ಗೆ ಜೀವ ಬಂತು. ಸೊಪ್ಪು ಹಾಕಬಹುದಾ?

ಕೋಲಾರದ ಸೊಸೆ:
ನಮ್ಮದು ನರಸಾಪುರದ ಕಡೆ. ನಾನು ಮದುವೆಯಾಗಿ ಬಂದಾಗ ಬೋರ್‌ವೆಲ್ 1,200 ಅಡಿ. ಮೋಟಾರು ಹಾಕಿದರೆ ಮೊದಲು ಗಾಳಿ, ಆಮೇಲೆ ಕೆಮ್ಮಿದ ಹಾಗೆ ಒಂದಿಷ್ಟು ನೀರು, ಮತ್ತೆ ಗಾಳಿ. ಮಾವ ಪೈಪಿನ ಬಾಯಿಗೆ ಅಂಗೈ ಒಡ್ಡಿ ಕೂತಿರುತ್ತಿದ್ದರು.

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕಡೆ ಬಿಟ್ಟರು. ಮೊದಲು ಲಕ್ಷ್ಮೀಸಾಗರ ಕೆರೆಗೆ. ಅದು ಕೋಡಿ ಬಿದ್ದು ಮುಂದಿನದಕ್ಕೆ, ಹೀಗೆ ಕೆರೆಯಿಂದ ಕೆರೆಗೆ. ನಮ್ಮೂರ ಕೆರೆ ತುಂಬಿದ ದಿನ ಅತ್ತೆ ಬಾಗಿನ ಕೊಟ್ಟರು. 'ಅದು ಬೆಂಗಳೂರಿನವರ ಬಚ್ಚಲು ನೀರು ಅತ್ತೆ' ಅಂದೆ. 'ಗಂಗಮ್ಮ ಯಾವ ದಾರೀಲಿ ಬಂದರೇನು, ಬಂದಳಲ್ಲ' ಅಂದರು.

ಈಗ ಮೋಟಾರನ್ನು 600 ಅಡಿಗೆ ಎತ್ತಿ ಕಟ್ಟಿದ್ದೇವೆ. ಎರಡಿಂಚು ನೀರು. ಸೀಮೆ ಹುಲ್ಲು, ಹಿಪ್ಪುನೇರಳೆ ಚೆನ್ನಾಗಿ ಬರುತ್ತಿದೆ. ಎರಡಿದ್ದ ಹಸು ನಾಲ್ಕಾಗಿದೆ. ಕೊತ್ತಂಬರಿ, ದಂಟು ಹಾಕೋಣ ಅಂತ ನನಗಾಸೆ. ಮಾವ ಬೇಡ ಅಂತಾರೆ. ಮೈದುನ ಇನ್ನೂ ಮುಂದೆ ಹೋಗಿ, ರಾತ್ರಿ ಕಾಲುವೆಗೇ ಪಂಪ್ ಇಡೋಣ, ಕರೆಂಟು ಉಳಿಯುತ್ತೆ ಅಂತಾನೆ. ಗೊತ್ತಿರುವವರು ಹೇಳಿ.

ಎಸ್‌ಟಿಪಿ ಅಣ್ಣ:
ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಿಸೋ ಘಟಕದಲ್ಲೇ ನನ್ನ ಅನ್ನ, ಅದಕ್ಕೆ ಹೇಳ್ತೀನಿ. ನಿಮಗೆ ಬರೋದು ಎರಡನೇ ಹಂತ ದಾಟಿದ ನೀರು. ತೊಟ್ಟಿಗೆ ಗಾಳಿ ಊದುತ್ತೇವೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ, ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮುಂದೆ ಹೋಗುತ್ತದೆ. ನೋಡೋಕೆ ಸ್ವಚ್ಛ, ಆದರೆ ರೋಗಾಣು ಪೂರ್ತಿ ಹೋಗಿರೋದಿಲ್ಲ. ನೈಟ್ರೇಟ್, ಫಾಸ್ಫೇಟ್ ಕೂಡ ಉಳಿದಿರುತ್ತವೆ. ಕೆರೆ ತುಂಬ ಅಂತರಗಂಗೆ ಬೆಳೆಯೋದು ಸುಮ್ನೆ ಅಲ್ಲ, ಅದಕ್ಕೆ ಗೊಬ್ಬರ ಸಿಗ್ತಿದೆ.

ಯೋಜನೆ ಮಾಡಿದ್ದೇ ಅಂತರ್ಜಲಕ್ಕೆ. ಮಣ್ಣಲ್ಲಿ ಇಂಗುವಾಗ ರೋಗಾಣು ಬಹಳಷ್ಟು ಸೋಸಿ ಹೋಗುತ್ತವೆ. ಕಾಲುವೆಗೆ ಪಂಪ್ ಇಟ್ಟರೆ ಆ ಸೋಸಣಿಕೆಯೇ ಇಲ್ಲ. ಹಸಿ ತಿನ್ನೋ ಕೊತ್ತಂಬರಿಗಂತೂ ಬೇಡವೇ ಬೇಡ. ಮೇಲಾಗಿ ನೇರ ಎತ್ತೋದು ನಿಷೇಧ. ಮೈದುನನಿಗೆ ಹೇಳಿ, ನೀವು ಎತ್ತಿದಷ್ಟೂ ಕೆಳಗಿನ ಊರಿನ ಬೋರ್‌ವೆಲ್ ಒಣಗುತ್ತೆ.

ಬರದ ನಾಡು:
ಲಕ್ಷ್ಮೀಸಾಗರದಲ್ಲಿ 2018ರ ಜುಲೈಯಲ್ಲಿ ನೊರೆ ಎದ್ದಿದ್ದನ್ನ ಎಲ್ಲರೂ ಮರೆತಂತಿದೆ! ಕೋರ್ಟಿನವರೆಗೂ ಹೋಯಿತು. ನಮ್ಮದು ಕಲ್ಲಿನ ಭೂಮಿ. ಬಂಡೆ ಸೀಳಲ್ಲಿ ನೀರು ಸರ್ರಂತ ಇಳಿದರೆ ಮಣ್ಣು ಎಲ್ಲಿ ಸೋಸುತ್ತೆ? ಮೂರನೇ ಹಂತದ ಸಂಸ್ಕರಣೆ ಮಾಡಿ ಕೊಡಿ ಅಂತ ಕೇಳ್ತಾನೇ ಇದ್ದೇವೆ. ನೀರು ಬೇಡ ಅಂತ ನಾನೂ ಹೇಳಲ್ಲ. 1,500 ಅಡಿ ಕೊರೆಸಿ ಬರೀ ಧೂಳು ಕಂಡವನು ನಾನು. ಇನ್ನೊಂದು ಸಲ ಶುದ್ಧ ಮಾಡೋಕೆ ಏನು ಕಷ್ಟ ಅನ್ನೋದೇ ಪ್ರಶ್ನೆ.

ಎಸ್‌ಟಿಪಿ ಅಣ್ಣ:
ಸೀಳಿನ ವಿಷಯ ಒಪ್ಪಿದೆ. ಅದಕ್ಕೇ ಪರೀಕ್ಷೆ ಮುಖ್ಯ. ಅಕ್ಕ, ಕೋಲಿಫಾರ್ಮ್ (ನೀರಿಗೆ ಮಲದ ಕೊಳೆ ಸೇರಿರಬಹುದು ಅಂತ ಸೂಚಿಸೋ ಬ್ಯಾಕ್ಟೀರಿಯಾ), ನೈಟ್ರೇಟ್, ಫ್ಲೋರೈಡ್ ಮೂರನ್ನೂ ಕೇಳಿ ಮಾಡಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನೇ ಇರಲಿ.

ಹತ್ತನೇ ಮಹಡಿ:
ಬೆಂಗಳೂರಿನಿಂದ. ಆ ಬಚ್ಚಲು ನಮ್ಮದೇ ಇರಬೇಕು 😀 ಕಾವೇರಿ ನೀರನ್ನ ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದು, ಒಂದೇ ಸಲ ಫ್ಲಶ್ ಮಾಡಿ ಕಳಿಸ್ತೇವೆ. ನಮ್ಮ ಕಟ್ಟಡದಲ್ಲಿ ಸಂಸ್ಕರಿಸಿದ ನೀರಿಗೆ ಬೇರೆ ಪೈಪ್ ಇದೆ. ವಾಸನೆ ಅಂತ ಎರಡು ವರ್ಷ ಮುಚ್ಚಿಟ್ಟಿದ್ದೆವು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ರೇಟು ನೋಡಿದ ಮೇಲೆ ಯಾರ ಮೂಗಿಗೂ ವಾಸನೆ ಬರಲಿಲ್ಲ.

ಕೋಲಾರದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ತೊಳೆದು ಇಡೋಕೆ ಹೋಗಿದ್ದೆ, ಕೋಲಿಫಾರ್ಮ್‌ಗೆ ಲ್ಯಾಬಿನವರೇ ಬೇರೆ ಬಾಟಲಿ ಕೊಡ್ತಾರಂತೆ. ಸೋಮವಾರ ಹೋಗ್ತೇನೆ. ಮೈದುನ ಇದನ್ನೆಲ್ಲ ಓದಿ ಮುಖ ಊದಿಸಿಕೊಂಡಿದ್ದಾನೆ. ಬಿತ್ತೋಕೆ ಅಂತ ಅಂಗಡಿಯಿಂದ ತಂದಿದ್ದ ಧನಿಯಾನ ಅತ್ತೆ ಆಗಲೇ ಸಾರಿನ ಪುಡಿಗೆ ಹುರಿದುಬಿಟ್ಟರು.