ಟೀಮ್ ಲೀಡ್ ಆಗಿ ಎಂಟು ತಿಂಗಳಾಯ್ತು, ನಾನು ಬರೆದು ಕೊಟ್ಟದ್ದನ್ನು ಯಾರೂ ಓದುದಿಲ್ಲ, ಎಂತ ಮಾಡುದು?

ಪೆರ್ಲದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಪೂರ್ತಿ ಓದಿ ಹೇಳಿ, ನಂಗೆ ಒಂದು ತಿಂಗಳಿಂದ ಇದೇ ಮಂಡೆ ಬಿಸಿ.

ನಾನು ಕಾಸರಗೋಡಿನ ಪೆರ್ಲದ ಹತ್ರದವ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಮಂಗಳೂರಲ್ಲಿ ಒಂದು ಸಣ್ಣ ಕಂಪೆನಿಯಲ್ಲಿ ಸಪೋರ್ಟ್ ಕೆಲಸ. ಮೆಡಿಕಲ್ ಶಾಪಿನವರ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮದು, ಗಡಿಯ ತಲಪಾಡಿಯಿಂದ ಆಚೆಗೂ ಈಚೆಗೂ ಗಿರಾಕಿಗಳಿದ್ದಾರೆ. ಎಂಟು ತಿಂಗಳ ಹಿಂದೆ ನನ್ನನ್ನು ಟೀಮ್ ಲೀಡ್ ಮಾಡಿದ್ರು. ಆರು ಜನ ಇದ್ದಾರೆ, ಇಬ್ಬರು ಮನೆಯಲ್ಲಿ ಮಲಯಾಳ ಮಾತಾಡುವವರು, ಮೂವರು ತುಳು, ಒಬ್ಬ ಬದಿಯಡ್ಕದ ಕನ್ನಡದ ಹುಡುಗ.

ಲೀಡ್ ಆದ ಕೂಡ್ಲೇ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಬ್ಯಾಕಪ್ ರಿಸ್ಟೋರ್ ಮಾಡುದು, ಅಂದ್ರೆ ಮೊದಲು ತೆಗೆದಿಟ್ಟ ಡೇಟಾವನ್ನು ಪುನಃ ಸಿಸ್ಟಮಿಗೆ ಹಾಕುದು ಹೇಗೆ ಅಂತ ಎರಡು ವಾರ ಕೂತು 14 ಪುಟದ ಡಾಕ್ಯುಮೆಂಟ್ ಬರೆದದ್ದು, ಇಂಗ್ಲಿಷಲ್ಲಿ, ಒಳ್ಳೆ ಇಂಗ್ಲಿಷಲ್ಲೇ ಇರ್ಬೇಕು ಅಂತ ಡಿಕ್ಷನರಿ ನೋಡಿ ನೋಡಿ. ಆದ್ರೆ ರಾತ್ರಿ ಡ್ಯೂಟಿಯವರು ಅದನ್ನು ತೆಗೆಯುದೇ ಇಲ್ಲ, ಸೀದಾ ನಂಗೆ ಫೋನ್ ಮಾಡ್ತಾರೆ. ವಾರಕ್ಕೆ ನಾಲ್ಕು ರಾತ್ರಿ ನಿದ್ದೆ ಇಲ್ಲ.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಒಂದು ಶಾಪಿನ ಸಿಸ್ಟಮ್ ನಿಂತುಹೋಯ್ತು. ಬದಿಯಡ್ಕದ ಹುಡುಗ ಡ್ಯೂಟಿಯಲ್ಲಿದ್ದ. ಅವ ನಂಗೆ ಎರಡು ಸಲ ಫೋನ್ ಮಾಡಿದ್ದಾನೆ, ನಾನು ಊರಲ್ಲಿ ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗಿದ್ದೆ, ಚೆಂಡೆಯ ಸದ್ದಲ್ಲಿ ಗೊತ್ತಾಗ್ಲಿಲ್ಲ. ಅವ ಡಾಕ್ಯುಮೆಂಟ್ ತೆಗೆದು ಹಿಂದಿನ ದಿನದ ಬ್ಯಾಕಪ್ ಹಾಕಿದ, ಹಾಕಿದ್ದೇ ಆ ದಿನದ ಬಿಲ್ಲೆಲ್ಲ ಹೋಯ್ತು. ಶಾಪಿನವರು ಎರಡು ದಿನ ಕೂತು ಪ್ರಿಂಟ್ ನೋಡಿ ನೋಡಿ ಪುನಃ ಎಂಟ್ರಿ ಮಾಡ್ಬೇಕಾಯ್ತು. ಮರುದಿನ ನಾನು ಎಲ್ಲರೆದುರೇ ಅವನಿಗೆ ಜೋರು ಮಾಡಿದೆ, ಅಷ್ಟು ಬರೆದಿಟ್ಟಿದ್ದೇನೆ ಓದ್ಲಿಕ್ಕೆ ಆಗುದಿಲ್ವಾ ಅಂತ. ಅವ ಎಂತದೂ ಹೇಳ್ಲಿಲ್ಲ, ತಲೆ ಕೆಳಗೆ ಹಾಕಿ ನಿಂತ.

ಸಂಜೆ ಬಸ್ಸಲ್ಲಿ ಆ ಫೈಲ್ ತೆಗೆದು ನೋಡಿದೆ. ಈಗಿನ ಡೇಟಾದ ಕಾಪಿ ತೆಗೆದಿಡಬೇಕು ಅಂತ ಬರೆದದ್ದು ಹೌದು. ಆದ್ರೆ ಅದು ಒಂಬತ್ತನೇ ಪುಟದಲ್ಲಿ, ರಿಸ್ಟೋರ್ ಬಟನ್ ಒತ್ತಿ ಅನ್ನುವ ಸಾಲಿನ ಕೆಳಗೆ, ಸಣ್ಣ ಅಕ್ಷರದಲ್ಲಿ ನೋಟ್ ಅಂತ ಉಂಟು. ಅದರ ನಂತರದ ಸಾಲು ಕನ್ನಡದಲ್ಲಿ ಹೇಳುದಾದ್ರೆ ಹೀಗೆ: "ರಿಸ್ಟೋರ್ ಆದ ಬಳಿಕ ಸಿಸ್ಟಮ್ ಸರಿಯಾಗಿ ಕಾರ್ಯನಿರ್ವಹಿಸುತ್ತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು."

ಆ ದಿನದಿಂದ ಅವ ನನ್ನ ಹತ್ರ ಒಂದು ಡೌಟೂ ಕೇಳುದಿಲ್ಲ. ಅದೇ ನಂಗೆ ಹೆಚ್ಚು ಬೇಜಾರು. ಬರೆಯುದು ಹೇಗೆ, ಆ ಹುಡುಗನನ್ನು ಪುನಃ ಮಾತಾಡುವ ಹಾಗೆ ಮಾಡುದು ಹೇಗೆ, ಮತ್ತೆ ಯಾವ ಭಾಷೆಯಲ್ಲಿ ಬರೆಯುದು, ಗೊತ್ತಿದ್ದವರು ಹೇಳಿ.

ಮುಳ್ಳೇರಿಯದಕ್ಕ:

ತಮ್ಮಾ, ನಾನು ಹನ್ನೊಂದು ವರ್ಷದಿಂದ ಮಾಡುದು ಇದೇ ಕೆಲಸ, ಮೆಷಿನಿಗೆ ಸಾಫ್ಟ್‌ವೇರಿಗೆ ಮ್ಯಾನ್ಯುವಲ್ ಬರೆಯುದು. ಒಂದು ಮಾತು ಮೊದಲೇ ಹೇಳ್ತೇನೆ. ಆ ಹುಡುಗ ಓದಲಿಲ್ಲ ಅಂತ ನೀವು ಬೈದದ್ದು, ಆದ್ರೆ ಅವ ಓದಿದ್ದಾನೆ. ಮೇಲಿನಿಂದ ಕೆಳಗೆ ಓದ್ತಾ ಓದ್ತಾ ಒಂದೊಂದೇ ಮಾಡ್ತಾ ಹೋಗಿದ್ದಾನೆ, ನೀವು ಹೇಳಿದ ಕ್ರಮದಲ್ಲೇ, ಅದಕ್ಕೇ ಡೇಟಾ ಹೋದದ್ದು.

ಪೆರ್ಲದವರಿಗೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಮಾಡ್ಲಿಕ್ಕೆ ನಾನು ಹೇಳಿಕೊಡ್ಬೇಕಾಗಿಲ್ಲ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. 50 ಲೀಟರಲ್ಲಿ ತುತ್ತು ಕರಗಿಸಿ, ಇನ್ನೊಂದು 50ರಲ್ಲಿ ಸುಣ್ಣ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುದು, ಕಲಕ್ತಾ ಇರುದು, ಉಲ್ಟಾ ಮಾಡ್ಲಿಕ್ಕಿಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಆಗ್ಬೇಕು, ಕಬ್ಬಿಣದ್ದು ಆಗುದಿಲ್ಲ. ಆಮೇಲೆ ಹೊಳೆಯುವ ಚಾಕು ಅದ್ದಿ ನೋಡುದು, ಚಾಕಿಗೆ ಕೆಂಪು ಹಿಡಿದ್ರೆ ತಾಮ್ರ ಇನ್ನೂ ಬಿಡಿಯಾಗಿ ಉಂಟು ಅಂತ ಅರ್ಥ, ಇನ್ನು ಸ್ವಲ್ಪ ಸುಣ್ಣದ ನೀರು ಹಾಕಿ ಪುನಃ ಅದ್ದುದು, ಕೆಂಪು ಹಿಡಿಯದೆ ಬಂದ ಮೇಲೆಯೇ ಮರಕ್ಕೆ ಮದ್ದು ಬಿಡುದು, ಮಾಡಿದ ಮದ್ದು ಅದೇ ದಿನ ಮುಗಿಸುದು. ನಮ್ಮಪ್ಪ ಶಾಲೆಗೆ ಹೋದದ್ದು ಕಡಿಮೆ, ಆದ್ರೆ ಮಳೆ ಹಿಡಿಯುವ ಮೊದಲು ತೋಟಕ್ಕೆ ಹೊಸ ಕೆಲಸದವರು ಬಂದ್ರೆ ಡ್ರಮ್ಮಿನ ಹತ್ರ ನಿಂತು ಇಷ್ಟನ್ನೇ ಹೇಳ್ತಿದ್ರು. ಸೂಕ್ತ ಪ್ರಮಾಣದಲ್ಲಿ ಬೆರೆಸಿ ಅಂತ ಹೇಳಿದ್ರೆ ಆ ವರ್ಷ ಕೊಳೆರೋಗಕ್ಕೆ ಅಡಿಕೆ ಎಲ್ಲ ಬುಡಕ್ಕೆ ಉದುರ್ತದೆ.

ಅದರಲ್ಲಿ ಎಂತ ಉಂಟು ನೋಡಿ. ಅಳತೆ ಉಂಟು, ಯಾವುದು ಮೊದಲು ಅಂತ ಉಂಟು, ಎಲ್ಲಕ್ಕಿಂತ ಮುಖ್ಯ ಆ ಚಾಕು. ಮಾಡಿದ್ದು ಸರಿ ಆಯ್ತಾ ಅಂತ ನೋಡುದು ಹೇಗೆ, ಆಗದಿದ್ರೆ ಎಂತ ಮಾಡುದು, ಅದು ಹೆಜ್ಜೆಯ ಒಳಗೇ ಉಂಟು. ನಿಮ್ಮ 14 ಪುಟದಲ್ಲಿ ಚಾಕು ಇಲ್ಲ. "ಸರಿಯಾಗಿ ಕಾರ್ಯನಿರ್ವಹಿಸುತ್ತಿರುವುದನ್ನು" ಅಂದ್ರೆ ಎಂತ? ರಾತ್ರಿ ಹನ್ನೊಂದೂವರೆಗೆ ಅವ ಎಂತ ನೋಡ್ಬೇಕು? ನಾನಾದ್ರೆ ಹೀಗೆ ಬರೀತೇನೆ:

"ರಿಸ್ಟೋರ್ ಒತ್ತುವ ಮೊದಲು ಈಗಿನ ಡೇಟಾ ಫೋಲ್ಡರನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ, ಹೆಸರಿನ ಜೊತೆ ಇವತ್ತಿನ ತಾರೀಕು ಹಾಕಿ. ಕಾಪಿ ಫೋಲ್ಡರ್ ತೆರೆದು ಫೈಲುಗಳ ಒಟ್ಟು ಸೈಜ್ ನೋಡಿ, ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ರಿಸ್ಟೋರ್ ಮಾಡಬೇಡಿ, ಫೋನ್ ಮಾಡಿ."

ಮತ್ತೆ ಕೊನೆಗೆ, "ಬಿಲ್ ಸ್ಕ್ರೀನ್ ತೆರೆಯಿರಿ. ಅಲ್ಲಿ ಕಾಣುವ ಕೊನೆಯ ಬಿಲ್ ನಂಬರ್ ಏನು ಅಂತ ಶಾಪಿನವರ ಕೈಯಲ್ಲಿರುವ ಕೊನೆಯ ಪ್ರಿಂಟಿನ ಜೊತೆ ಹೋಲಿಸಿ." ನಡುವೆ ಎಷ್ಟು ಬಿಲ್ ಕಡಿಮೆ ಉಂಟು ಅಂತ ಆಗಲೇ ಗೊತ್ತಾಗ್ತದೆ, ತೆಗೆದಿಟ್ಟ ಕಾಪಿಯಿಂದ ಅದನ್ನು ತರ್ಲಿಕ್ಕೆ ದಾರಿಯೂ ಇರ್ತದೆ.

ಫೈಲಲ್ಲಿ ಎಲ್ಲಾದ್ರೂ ಸ್ವಲ್ಪ ಹೊತ್ತು ಕಾಯಿರಿ ಅಂತ ಇದ್ರೆ ತೆಗೀರಿ, ಎಷ್ಟು ನಿಮಿಷ ಅಂತ ಹಾಕಿ. ಬರೀ ಅಂಕಿ ಹಾಕಿದ್ರೂ ಸಾಲದು. 1999ರಲ್ಲಿ ನಾಸಾದವರ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹತ್ರ ತಲುಪಿ ಕಳೆದುಹೋದದ್ದು ಹೀಗೆಯೇ, ಒಂದು ಕಡೆಯವರ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ನ್ಯೂಟನ್ ಲೆಕ್ಕ ಅಂತ ತಗೊಂಡ್ರು. ಅಷ್ಟು ದೊಡ್ಡ ವಿಜ್ಞಾನಿಗಳಿಗೇ ಹಾಗಾದ್ರೆ ನಿದ್ದೆಗಣ್ಣಲ್ಲಿ ಇರುವ ಹುಡುಗನಿಗೆ ಆಗದೆ ಇರ್ತದಾ?

ಬರೆದ ಮೇಲೆ ಆ ಕೆಲಸ ಒಮ್ಮೆಯೂ ಮಾಡದವರ ಕೈಗೆ ಕೊಟ್ಟು ಹಿಂದೆ ಕೂತ್ಕೊಳ್ಳಿ. ಬಾಯಿ ಬಿಡ್ಬೇಡಿ. ಅವರ ಕೈ ಎಲ್ಲಿ ನಿಲ್ತದೋ ಅಲ್ಲಿ ನಿಮ್ಮ ಸಾಲು ಸರಿ ಇಲ್ಲ. ನಂಗೆ ಇದು ತುಂಬ ಕಷ್ಟ ಆಗ್ತಿತ್ತು ಮೊದಮೊದಲು, ಹೇಳಿಬಿಡುವಾ ಅಂತ ಕಾಣ್ತದೆ, ಹೇಳ್ಬಾರ್ದು.

ಹೊಸೂರಿನವ:

ನಮಸ್ಕಾರ ಸಾರ್. ನಂದು ಹೊಸೂರು, 22 ವರ್ಷದಿಂದ ಆಟೋ ಪಾರ್ಟ್ಸ್ ಫ್ಯಾಕ್ಟರೀಲಿದೀನಿ, ಈಗ ಶಿಫ್ಟ್ ಇನ್‌ಚಾರ್ಜ್. ಮನೇಲಿ ಕನ್ನಡ, ಲೈನಲ್ಲಿ ತಮಿಳು ತೆಲುಗು, ಈಗೀಗ ಹಿಂದಿ.

ಅಕ್ಕ ಹೇಳಿದ್ದು ಎಲ್ಲ ಸರಿ, ಆದ್ರೆ ನಾನು ಒಂದು ಹೆಜ್ಜೆ ಹಿಂದಕ್ಕೆ ಹೋಗ್ತೀನಿ. ನಮ್ಮಲ್ಲಿ ಏನಾದ್ರೂ ರಿಜೆಕ್ಟ್ ಆದ್ರೆ ಯಾರು ಮಾಡಿದ್ದು ಅಂತ ಕೇಳೋ ಹಾಗಿಲ್ಲ, ಯಾಕೆ ಅಂತ ಐದು ಸಲ ಕೇಳ್ಬೇಕು. ಟೊಯೋಟಾದಿಂದ ಬಂದ ಪದ್ಧತಿ, ಹೊಸೂರಲ್ಲಿ ಯಾವ ಲೈನಿಗೆ ಹೋದ್ರೂ ಬೋರ್ಡ್ ಮೇಲೆ ಇದನ್ನ ನೋಡ್ತೀರ. ನಿಮ್ಮದನ್ನೇ ಹಾಕಿ ನೋಡಿ. ಬಿಲ್ ಯಾಕೆ ಹೋಯ್ತು, ಹಳೇ ಬ್ಯಾಕಪ್ಪು ಈಗಿನ ಡೇಟಾ ಮೇಲೆ ಬಿತ್ತು. ಬಿದ್ರೆ ಹೋಗೋದ್ಯಾಕೆ, ಕಾಪಿ ಇರ್ಲಿಲ್ಲ. ಕಾಪಿ ಯಾಕಿರ್ಲಿಲ್ಲ, ಆ ಮಾತು ಬಟನ್ ಆದ್ಮೇಲೆ ಬರೆದಿತ್ತು. ಯಾಕೆ ಹಂಗೆ ಬರೆದ್ರಿ, ನಿಮ್ ಕೈಗೆ ಅದು ರೂಢಿ, ಹೇಳದೇ ಇದ್ರೂ ನಿಮ್ ಕೈ ಕಾಪಿ ತಗೊಳುತ್ತೆ. ಹಂಗಿದ್ರೆ ಹೊಸಬರ ಕೈಲಿ ಯಾಕೆ ಮಾಡಿಸಿ ನೋಡ್ಲಿಲ್ಲ, ಅಂಥ ಪದ್ಧತಿನೇ ನಿಮ್ಮ ಆಫೀಸಲ್ಲಿಲ್ಲ. ಐದರಲ್ಲಿ ಎಲ್ಲೂ ಆ ಹುಡುಗನ ಹೆಸರು ಬರಲಿಲ್ಲ ಗಮನಿಸಿ.

ಇನ್ನೊಂದು. ಆ ರಿಸ್ಟೋರ್ ಬಟನ್ ಒತ್ತಿದ ತಕ್ಷಣ ಸಾಫ್ಟ್‌ವೇರೇ ಮೊದ್ಲು ಒಂದು ಕಾಪಿ ತಗೊಂಡು ಆಮೇಲೆ ರಿಸ್ಟೋರ್ ಮಾಡೋ ಹಂಗೆ ಮಾಡೋಕಾಗಲ್ವಾ? ನಮ್ಮಲ್ಲಿ ಪಾರ್ಟನ್ನ ಉಲ್ಟಾ ಇಟ್ಟು ಡ್ರಿಲ್ ಹಾಕ್ಬಿಡ್ತಿದ್ರು. ಎಡಕ್ಕೆ ಗುರುತು ಬರೋ ಹಂಗಿಡಿ ಅಂತ ಮೂರು ಭಾಷೇಲಿ ಬೋರ್ಡ್ ಹಾಕಿದ್ವಿ, ನಿಲ್ಲಲಿಲ್ಲ. ಕೊನೆಗೆ ಪಾರ್ಟ್ ಹಿಡಿದಿಡೋ ಜಿಗ್ಗಿಗೆ ಒಂದು ಪಿನ್ ಹಾಕಿದ್ವಿ, ಉಲ್ಟಾ ಇಟ್ರೆ ಕೂರೋದೇ ಇಲ್ಲ. ಬೋರ್ಡ್ ತೆಗೆದುಬಿಟ್ವಿ. ಜಪಾನಿನವರು ಪೋಕಾ ಯೋಕೆ ಅಂತಾರೆ ಇದಕ್ಕೆ. ಡೆವಲಪರ್ ಹತ್ರ ಹೋಗಿ ಜಗಳ ಆಡಿಯಾದ್ರೂ ಆ ಪಿನ್ ಹಾಕಿಸಿ, ಲೀಡ್ ಕೆಲಸ ಅದು, ಹುಡುಗರು ಕೇಳಿದ್ರೆ ಯಾರೂ ಮಾಡ್ಕೊಡಲ್ಲ.

ಹುಡುಗನ ವಿಷಯ. ಎಲ್ಲರ ಮುಂದೆ ಬೈದಿದೀರ, ಎಲ್ಲರ ಮುಂದೇನೇ ಹೇಳಿ, ತಪ್ಪು ಒಂಬತ್ತನೇ ಪುಟದಲ್ಲಿತ್ತು, ಬರೆದೋನು ನಾನು ಅಂತ. ಕ್ಯಾಬಿನ್ನಿಗೆ ಒಬ್ಬನ್ನೇ ಕರೆದು ಹೇಳಿದ್ರೆ ಮಿಕ್ಕ ಐದು ಜನಕ್ಕೆ ಗೊತ್ತಾಗೋದು ಬೈದಿದ್ದು ಮಾತ್ರ.

ಅಕ್ಕಲಕೋಟದಾಕಿ:

ನಾ ಸೊಲ್ಲಾಪುರದಾಗ ದವಾಖಾನಿಯೊಳಗ ಸ್ಟಾಫ್ ನರ್ಸ್ ಅದೀನ್ರಿ. ರಾತ್ರಿ ಫೋನಿನ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀಲಾಕತ್ತೀನಿ.

ಫೋನ್ ಬಂದ್ ಮಾಡಬ್ಯಾಡ್ರಿ, ಫೋನಿನಾಗ ಹ್ಯಾಂಗ ಮಾತಾಡಬೇಕು ಅಂತ ಕಲಸ್ರಿ. ನಾವು ರಾತ್ರಿ ಡಾಕ್ಟರ್‌ಗೆ ಫೋನ್ ಹಚ್ಚಿದ್ರ ನಾಕು ಮಾತು ಹೇಳ್ತೀವ್ರಿ, ಎಸ್‌ಬಿಎಆರ್ ಅಂತಾರ ಅದಕ್ಕ. ಈಗ ಏನಾಗೇದ, ಹಿಂದ ಏನಿತ್ತು, ನನಗ ಏನು ಅನಸ್ತದ, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯವರ ಸಬ್‌ಮರೀನಿನಿಂದ ದವಾಖಾನಿಗೆ ಬಂದ ರೂಢಿ ಇದು. ಹೊಸದಾಗಿ ಬಂದಾಗ ನಾ "ಸರ್, ಪೇಶಂಟ್ ಯಾಕೋ ಸರಿ ಇಲ್ರಿ, ಬರ್ರಿ" ಅಂತಿದ್ದೆ, ಆ ಕಡಿಂದ ಹತ್ತು ಪ್ರಶ್ನೆ ಬರ್ತಿದ್ವು, ನಾ ಮತ್ತ ಫೈಲ್ ಹುಡುಕ್ಲಿಕ್ಕೆ ಓಡ್ತಿದ್ದೆ. ಈಗ ಹಂಗಿಲ್ಲ. "ಬೆಡ್ 7, ಆಪರೇಷನ್ ಆಗಿ ಆರು ತಾಸು, ಬಿಪಿ ಒಂದು ತಾಸಿನ ಹಿಂದ 120/80 ಇತ್ತು, ಈಗ 90/60, ರಕ್ತ ಹೋಗ್ಲಿಕತ್ತದ ಅಂತ ನನಗ ಅನಸ್ತದ, ನೀವು ಬಂದು ನೋಡಬೇಕು." ಅರ್ಧ ನಿಮಿಷ ಹಿಡೀತದ. ಅವರು ಔಷಧ ಹೇಳಿದ್ರ ನಾ ಅದನ್ನ ತಿರುಗಿ ಓದಿ ಹೇಳ್ತೀನಿ, ಅವರು ಹೌದು ಅನ್ಬೇಕು, ಆಮ್ಯಾಲ ಕೊಡೂದು.

ಮೂರನೇ ಮಾತು, ನನಗ ಏನು ಅನಸ್ತದ ಅನ್ನೂದು, ಅದು ಭಾಳ ಮುಖ್ಯ ನೋಡ್ರಿ. ಸಣ್ಣವರ ಕಡಿಂದ ಅದನ್ನ ಹೇಳಸಬೇಕು. ತಪ್ಪಿದ್ರೂ ನಡೀತದ, ಬೈಬಾರ್ದು ಅಷ್ಟ. ಹೇಳಿ ಹೇಳಿ ಅವರಿಗೇ ವಿಚಾರ ಮಾಡೂದು ಬರ್ತದ, ಎಷ್ಟೋ ಸಲ ನಂಬರ್ ಒತ್ತೂಕಿಂತ ಮೊದಲ ಅವರಿಗೆ ಉತ್ತರ ಸಿಕ್ಕಿರ್ತದ.

ಮತ್ತ ಚೆಕ್‌ಲಿಸ್ಟ್ ಮಾಡೂದಾದ್ರ ಅದರ ಮ್ಯಾಲ ಪೂರ್ತಿ ಭಾರ ಹಾಕಬ್ಯಾಡ್ರಿ, ಕೆಲಸ ಮುಗಿದ ಮ್ಯಾಲ ಒಮ್ಮಿಗೇ ಕೂತು ಟಿಕ್ ಹೊಡಿಯವರನ್ನ ನಾ ನೋಡೀನಿ. ವಿಶ್ವ ಆರೋಗ್ಯ ಸಂಸ್ಥೆಯವರು 2008ರಾಗ ಆಪರೇಷನ್ನಿಗೆ ಒಂದು ಚೆಕ್‌ಲಿಸ್ಟ್ ಮಾಡಿದ್ರು, 19 ಸಾಲು, ಒಂದ ಹಾಳಿ. ಅದರಾಗ ಚರ್ಮ ಕೊಯ್ಯೂಕಿಂತ ಮೊದಲ ಅಲ್ಲಿದ್ದವರೆಲ್ಲರೂ ತಮ್ಮ ಹೆಸರು ಮತ್ತ ಕೆಲಸ ಬಾಯಿಂದ ಹೇಳಬೇಕು. ಒಮ್ಮಿ ಬಾಯಿ ಬಿಟ್ಟವರು ಮುಂದ ಏನರೆ ತಪ್ಪು ಕಂಡ್ರ ಹೇಳ್ತಾರ, ಸುಮ್ಮ ನಿಂತವರು ಸುಮ್ಮನ ಇರ್ತಾರ. ಆ ಹುಡುಗನ ಕೈಲೆ ಏನರೆ ಓದಸ್ರಿ, ಎಲ್ಲಾರ ಮುಂದ.

ಪೆರ್ಲದವ:

ಮೂವರಿಗೂ ತುಂಬ ತುಂಬ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೀತಾ ಇದ್ದೇನೆ, ಆದದ್ದನ್ನು ಹೇಳುವಾ ಅಂತ.

ಸೋಮವಾರದ ಮೀಟಿಂಗಲ್ಲಿ ಒಂಬತ್ತನೇ ಪುಟ ಪ್ರೊಜೆಕ್ಟರಿಗೆ ಹಾಕಿ, ಇದು ನನ್ನ ತಪ್ಪು, ಇವ ಬರೆದ ಹಾಗೇ ಮಾಡಿದ್ದಾನೆ ಅಂತ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಅವ ಆಗ ಎಂತದೂ ಹೇಳ್ಲಿಲ್ಲ, ಮಧ್ಯಾಹ್ನ ಊಟಕ್ಕೆ ಮಾತ್ರ ನನ್ನ ಟೇಬಲಿಗೇ ಬಂದು ಕೂತ.

14 ಪುಟ ಈಗ ಒಂದೂವರೆ ಪುಟ ಆಗಿದೆ. ಬರೆಯುವಾಗ ಒಂದು ವಿಷಯ ಗೊತ್ತಾಯ್ತು, ಕೆಲವು ಹೆಜ್ಜೆ ಯಾಕೆ ಮಾಡುದು ಅಂತ ನಂಗೇ ಗೊತ್ತಿರ್ಲಿಲ್ಲ, ಹಿಂದಿನವರು ಮಾಡ್ತಿದ್ರು ಅಂತ ನಾನೂ ಮಾಡ್ತಿದ್ದೆ. ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದದ ಒಳಗೆ ಅದು ಅಡಗಿ ಕೂತಿತ್ತು. ಅಂಥ ಎರಡು ಹೆಜ್ಜೆ ಡೆವಲಪರಲ್ಲಿ ಕೇಳಿ ತೆಗೆದೇ ಬಿಟ್ಟೆ. ಆ ಪಿನ್ನಿನ ಮಾತೂ ಹೇಳಿದ್ದೇನೆ, ಸಾಫ್ಟ್‌ವೇರಿನ ಮುಂದಿನ ವರ್ಷನ್‌ನಲ್ಲಿ ಹಾಕ್ತೇವೆ ಅಂತ ಒಪ್ಪಿದ್ದಾರೆ. ಫೋನಿಗೆ ಆ ನಾಲ್ಕು ಮಾತನ್ನು ಕಾರ್ಡಲ್ಲಿ ಬರೆದು ಡೆಸ್ಕಿಗೆ ಅಂಟಿಸಿದೆ, ಹೋದ ವಾರ ಎರಡೇ ಕಾಲ್ ಬಂದದ್ದು.

ಮೊನ್ನೆ ಹೊಸ ಹಾಳೆಯನ್ನು ಬದಿಯಡ್ಕದ ಹುಡುಗ ಜೋರಾಗಿ ಓದಿದ, ರಿಸ್ಟೋರ್ ಒಮ್ಮೆಯೂ ಮಾಡದ ಇನ್ನೊಬ್ಬಳು ಮಾಡ್ತಾ ಹೋದಳು, ನಾನು ಹಿಂದೆ ಬಾಯಿ ಮುಚ್ಚಿ ಕೂತೆ. ಆರನೇ ಹೆಜ್ಜೆಯಲ್ಲಿ ಅವಳ ಕೈ ನಿಂತಿತು. ಅವನೇ ಹೇಳಿದ, ಅಣ್ಣ, ಈ ಬಟನಿನ ಹೆಸರು ಹೊಸ ವರ್ಷನ್‌ನಲ್ಲಿ ಬದಲಾಗಿದೆ, ನೀವು ಹಳೇದು ಬರೆದಿದ್ದೀರಿ ಅಂತ.

ಭಾಷೆಯದ್ದು ಮಾತ್ರ ಇನ್ನೂ ತೀರ್ಮಾನ ಆಗ್ಲಿಲ್ಲ. ಮತ್ತೆ ಹೀಗೆ ಬಟನ್ ಬದಲಾದಾಗೆಲ್ಲ ತಿದ್ದುದು ಯಾರು?

ಮುಳ್ಳೇರಿಯದಕ್ಕ:

ಓದಿ ಖುಷಿ ಆಯ್ತು ತಮ್ಮಾ. ಬಟನಿನ ಹೆಸರು ಸ್ಕ್ರೀನಲ್ಲಿ ಹೇಗೆ ಕಾಣ್ತದೋ ಹಾಗೇ ಇಂಗ್ಲಿಷಲ್ಲೇ ಇಡಿ, ಅದನ್ನು ಕನ್ನಡ ಮಾಡಿದ್ರೆ ಯಾರಿಗೂ ಸಿಗುದಿಲ್ಲ. ಉಳಿದ ಮಾತು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಇರ್ಲಿ, ಒಂದು ವಾಕ್ಯಕ್ಕೆ ಒಂದೇ ಕೆಲಸ. ಪಕ್ಕದಲ್ಲಿ ಕನ್ನಡದ್ದೊಂದು, ಮಲಯಾಳದ್ದೊಂದು ಹಾಳೆ ಬೇಕು ಅಂತ ಅವರೇ ಕೇಳಿದ್ರೆ ಅವರ ಕೈಯಲ್ಲೇ ಬರೆಸಿ, ಬರೆಯುವಾಗ ಅರ್ಥ ಆಗದ್ದು ಎಲ್ಲಿ ಅಂತ ಹೊರಗೆ ಬರ್ತದೆ.

ತಿದ್ದುದಕ್ಕೆ, ಹಾಳೆಯ ಮೇಲೆ ಕೊನೆಯ ಸಲ ಮಾಡಿ ನೋಡಿದ ತಾರೀಕು, ಯಾರು ನೋಡಿದ್ದು, ಯಾವ ವರ್ಷನ್, ಮೂರೂ ಹಾಕಿ. ತಪ್ಪು ಕಂಡವರೇ ಅದೇ ದಿನ ತಿದ್ದಿ ಹೆಸರು ಹಾಕ್ಲಿ, ನಿಮ್ಮ ಒಪ್ಪಿಗೆಗೆ ಕಾಯುದು ಬೇಡ. ಆರನೇ ಹೆಜ್ಜೆಯನ್ನು ಆ ಹುಡುಗನ ಕೈಯಲ್ಲೇ ತಿದ್ದಿಸಿದ್ರಾ?