ಎಂಎಂ 540 ಜೀಪು: ಬೆಳಿಗ್ಗೆ ಏರ್ ಹಿಡಿಯುತ್ತದೆ, ಕೈ ಪಂಪು ಹೊಡೆದರೆ ಮಾತ್ರ ಸ್ಟಾರ್ಟ್

ಪಡ್ರೆ ಜೀಪು:

ಎಲ್ಲರಿಗೂ ನಮಸ್ಕಾರ. ಮಾವನ ಕಾಲದ ಮಹೀಂದ್ರಾ ಎಂಎಂ 540 ಜೀಪನ್ನು ಮನೆಯಲ್ಲೇ ಸರಿ ಮಾಡುತ್ತಿದ್ದೇನೆ. 1991ರ ಗಾಡಿ, ಪ್ಯೂಜೊ ಎಂಜಿನ್. ತುಂಬಾ ಕಾಲ ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿ ಸುಮ್ನೆ ನಿಂತಿತ್ತು. ಬ್ರೇಕ್, ಕ್ಲಚ್, ವೈರಿಂಗ್ ಎಲ್ಲ ಮುಗಿಯಿತು. ಈಗ ಒಂದೇ ಒಂದು ಸಮಸ್ಯೆ ಬಗೆಹರಿಯುತ್ತಿಲ್ಲ.

ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಬಾನೆಟ್ ಎತ್ತಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈ ಪಂಪು ಹೊಡೆದರೆ ಬುಸು ಬುಸು ಅಂತ ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿ ಮಾಡಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಆಮೇಲೆ ಇಡೀ ದಿನ ತೊಂದರೆ ಇಲ್ಲ. ಊಟಕ್ಕೆ ನಿಲ್ಲಿಸಿದರೂ ಸರಿ, ಪೆರ್ಲ ಪೇಟೆಯಲ್ಲಿ ನಿಲ್ಲಿಸಿದರೂ ಸರಿ.

ಎಲ್ಲೂ ಡೀಸೆಲ್ ಸೋರುವುದಿಲ್ಲ. ರಾತ್ರಿ ಅಡಿಗೆ ರಟ್ಟು ಹಾಸಿ ನೋಡಿದೆ, ಒಂದು ಹನಿ ಇಲ್ಲ. ಫಿಲ್ಟರ್ ಹೊಸತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಕೇಳಿದ್ದಕ್ಕೆ ಇಂಜೆಕ್ಷನ್ ಪಂಪು (ಎಂಜಿನ್ ಒಳಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪು) ಇಳಿಸಿ ಪೂರ್ತಿ ರಿಪೇರಿ ಮಾಡಿಸಬೇಕು ಅಂದರು. ಅದರ ಖರ್ಚು ಕೇಳಿ ಮನೆಯವರು ಗಾಡಿಯನ್ನೇ ಗುಜರಿಗೆ ಕೊಡೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಪಂಪು ಇಳಿಸದೆ ಪತ್ತೆ ಮಾಡುವ ದಾರಿ ಇದ್ದರೆ ದಯವಿಟ್ಟು ಹೇಳಿ.

ಮುಳ್ಳೇರಿಯದ ಹುಡುಗ:

ಅಣ್ಣ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿದಿರಾ? ಈ ಎಂಜಿನ್ನಿಗೆ ನಮ್ಮ ಸೆಕೆಯಲ್ಲೂ ಬೆಳಿಗ್ಗೆ ಹೀಟರ್ ಬೇಕೇ ಬೇಕು. ನಮ್ಮ ಜೀಪಿನಲ್ಲಿ ಎರಡು ಪ್ಲಗ್ ಹೋದಾಗ ಇದೇ ಕತೆ ಆಗಿತ್ತು. ಪ್ಲಗ್‌ಗಳನ್ನು ಸೇರಿಸುವ ಪಟ್ಟಿ ಕಳಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ತುದಿ ಪ್ಲಗ್ಗಿನ ತಲೆಗೆ. ಲ್ಯಾಂಪ್ ಉರಿದರೆ ಒಳಗಿನ ತಂತಿ ಕಡಿದಿಲ್ಲ ಅಂತ ಅರ್ಥ. ಒಂದೊಂದನ್ನೇ ನೋಡಿ.

ಪಡ್ರೆ ಜೀಪು:

ನೋಡಿದೆ ತಮ್ಮ. ನಾಲ್ಕರಲ್ಲೂ ಲ್ಯಾಂಪ್ ಉರಿಯಿತು.

ಬದಿಯಡ್ಕ ಡೀಸೆಲ್:

ಪಡ್ರೆಯವರೇ, ಪಂಪಿಗೆ ಕೈ ಹಾಕಬೇಡಿ. ಹಾಕಲು ಬಿಡಲೂ ಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಪಂಪು ಸವೆದಿದ್ದರೆ ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಜಾಸ್ತಿ ಕಷ್ಟ ಆಗಬೇಕಿತ್ತು. ಬಿಸಿ ಡೀಸೆಲ್ ತೆಳ್ಳಗಾಗುತ್ತದೆ, ಸವೆದ ಪಂಪಿನ ಒಳಗೇ ಜಾರಿ ಹೋಗುತ್ತದೆ, ಒತ್ತಡ ಏಳುವುದಿಲ್ಲ. ನಿಮ್ಮದು ತದ್ವಿರುದ್ಧ. ಬಿಸಿಯಲ್ಲಿ ಒಂದೇ ಸಲಕ್ಕೆ ಹಿಡಿಯುತ್ತದೆ.

ಒಂದು ಪ್ರಶ್ನೆ. ಬೆಳಿಗ್ಗೆ ಹಿಡಿಯದೆ ಸೆಲ್ಫ್ ತಿರುಗುತ್ತಿರುವಾಗ ಸೈಲೆನ್ಸರ್ ಬಾಯಲ್ಲಿ ಹೊಗೆ ಬರುತ್ತದಾ? ಒಬ್ಬರನ್ನು ಹಿಂದೆ ನಿಲ್ಲಿಸಿ ನೋಡಿಸಿ. ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಶಕ್ತಿ), ಡೀಸೆಲ್ ಸಿಂಪಡಿಸುವ ನಾಝಲ್ ಕಡೆ ಹೋಗಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ತಲುಪಿಲ್ಲ.

ಇನ್ನೂ ಎರಡು ವಿಷಯ ಹೇಳಿ. ಗಾಡಿ ನಿಲ್ಲಿಸುವ ಜಾಗ ಸಮತಟ್ಟಾ, ಇಳಿಜಾರಾ? ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಎಷ್ಟು ಡೀಸೆಲ್ ಇರುತ್ತದೆ?

ಪಡ್ರೆ ಜೀಪು:

ಹೊಗೆ ಒಂದು ಚೂರೂ ಇಲ್ಲ ಅಣ್ಣ. ಮಗಳನ್ನು ನಿಲ್ಲಿಸಿ ನೋಡಿದೆ.

ನಿಲ್ಲಿಸುವುದು ಮನೆ ಮೇಲಿನ ದರೆಯ ಹತ್ತಿರ, ಮೂತಿ ಮೇಲೆ ಮಾಡಿ. ಬೇರೆ ಜಾಗ ಇಲ್ಲ. ಟ್ಯಾಂಕ್ ಯಾವಾಗಲೂ ಕಾಲು ಭಾಗದ ಹತ್ತಿರ. ಕೆಲಸ ಮುಗಿಯದ ಗಾಡಿಗೆ ಜಾಸ್ತಿ ತುಂಬಿಸುವುದು ಬೇಡ ಅಂತ ಕ್ಯಾನಿನಲ್ಲಿ ತಂದು ಹಾಕುತ್ತೇನೆ. ಈಗ ನೀವು ಕೇಳಿದಾಗ ನೆನಪಾಯಿತು. ಪುತ್ತೂರಿಗೆ ಹೋಗಿ ಬರಲು ಒಮ್ಮೆ ಫುಲ್ ಟ್ಯಾಂಕ್ ಮಾಡಿಸಿದ್ದೆ. ಅದಾದ ಮೇಲೆ ಕೆಲವು ದಿನ ಬೆಳಿಗ್ಗೆ ಏನೂ ತೊಂದರೆ ಇರಲಿಲ್ಲ. ತನ್ನಷ್ಟಕ್ಕೆ ಸರಿಯಾಯಿತು ಅಂದುಕೊಂಡಿದ್ದೆ.

ಬದಿಯಡ್ಕ ಡೀಸೆಲ್:

ಆ ಫುಲ್ ಟ್ಯಾಂಕಿನ ಮಾತು ತುಂಬಾ ಮುಖ್ಯ. ಇನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರು ಬಹಳ ಮಂದಿ ಇಲ್ಲೇ ದಾರಿ ತಪ್ಪಿ ಸಾವಿರಾರು ರೂಪಾಯಿ ಕಳೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ಕಳಿಸುವ ಸಣ್ಣ ಪಂಪಿಗೆ ಫೀಡ್ ಪಂಪು ಅನ್ನುತ್ತೇವೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಎಳೆಯುವ ಕಡೆ. ಫೀಡ್ ಪಂಪಿನಿಂದ ಆಚೆ ದೂಡುವ ಕಡೆ. ದೂಡುವ ಕಡೆ ತೂತಾದರೆ ಡೀಸೆಲ್ ಹೊರಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಾದರೆ ಡೀಸೆಲ್ ಹೊರಗೆ ಬರಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಳನೀರಿನ ಸ್ಟ್ರಾ ಸೀಳಿದ್ದರೆ ಹೇಗೆ, ಹಾಗೆ. ಹಾಗಾಗಿ ನಿಮ್ಮ ರಟ್ಟಿನ ಮೇಲೆ ಹನಿ ಬೀಳದೆ ಇದ್ದದ್ದು ಪೈಪು ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಎಂಜಿನ್ ಓಡುವಾಗ ಬರುವ ಸಣ್ಣ ಗುಳ್ಳೆಗಳು ಫಿಲ್ಟರಿನಲ್ಲಿ ಬೇರೆಯಾಗಿ, ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಹೋಗುತ್ತವೆ. ಗಾಡಿ ಓಡುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಆ ತೂತಿನಿಂದ ನಿಧಾನಕ್ಕೆ ಗಾಳಿ ಒಳಗೆ ಬಂದು, ಪೈಪಿನ ಡೀಸೆಲ್ ತನ್ನ ಭಾರಕ್ಕೆ ಟ್ಯಾಂಕಿಗೆ ಇಳಿಯುತ್ತದೆ. ಒಂದೆರಡು ಗಂಟೆಯಲ್ಲಿ ಜಾಸ್ತಿ ಇಳಿಯುವುದಿಲ್ಲ, ಇಡೀ ರಾತ್ರಿಯಲ್ಲಿ ಪೂರ್ತಿ ಇಳಿಯುತ್ತದೆ. ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಇನ್ನೂ ಬೇಗ.

ಈಗ ಪತ್ತೆ ಮಾಡುವ ಕ್ರಮ. ಮೊದಲು ಟ್ಯಾಂಕನ್ನೇ ಲೆಕ್ಕದಿಂದ ಬಿಟ್ಟುಬಿಡಿ. ಚೊಕ್ಕ ಕ್ಯಾನಿನಲ್ಲಿ 2 ಲೀಟರ್ ಡೀಸೆಲ್ ತೆಗೆದುಕೊಂಡು ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಲ್ಲಿ ಕಳಚಿ, ಅಲ್ಲಿಗೆ ಕ್ಯಾನಿನ ಪೈಪು ಕೊಡಿ. ರಿಟರ್ನ್ ಹಾಗೇ ಇರಲಿ. ಏರ್ ತೆಗೆದು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಓಡಿಸಿ, ಪೈಪು ಕಳಚದೆ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಕೈ ಪಂಪು ಮುಟ್ಟದೆ ಸ್ಟಾರ್ಟ್ ಆದರೆ ಇಂಜೆಕ್ಷನ್ ಪಂಪಿನ ಮೇಲಿನ ಆರೋಪ ಅಲ್ಲಿಗೇ ಮುಗಿಯಿತು. ಆ ರಾತ್ರಿ ಅಡಿಯಲ್ಲಿ ಮತ್ತೆ ರಟ್ಟು ಹಾಸಿ. ಡೀಸೆಲ್ ಮೇಲಿನಿಂದ ಬರುವಾಗ ಫಿಲ್ಟರ್ ಕಡೆ ಏನಾದರೂ ಸಡಿಲ ಇದ್ದರೆ ಹೊರಗೆ ಜಿನುಗುತ್ತದೆ.

ಆಮೇಲೆ ಪಾರದರ್ಶಕ ಪೈಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಮಟ್ಟ ನೋಡಲು ಮೇಸ್ತ್ರಿಗಳು ಒಯ್ಯುವ ಪೈಪು ಸಿಗುತ್ತದಲ್ಲ, ಅದೇ ಸಾಕು. ಒಂದು ಗೇಣು ಉದ್ದದ ತುಂಡನ್ನು ಫೀಡ್ ಪಂಪಿಗೆ ಬರುವ ಜಾಗದಲ್ಲಿ ಸೇರಿಸಿ, ಎಂಜಿನ್ ಓಡಿಸಿ ಗುಳ್ಳೆ ನೋಡಿ. ನಂತರ ಇನ್ನೊಂದು ತುಂಡನ್ನು ಟ್ಯಾಂಕಿನಿಂದ ಹೊರಗೆ ಬರುವ ಜಾಗದಲ್ಲೇ ಸೇರಿಸಿ. ಪಂಪಿನ ಹತ್ತಿರ ಗುಳ್ಳೆ ಇದ್ದು ಟ್ಯಾಂಕಿನ ಹತ್ತಿರ ಇಲ್ಲದಿದ್ದರೆ ತೂತು ನಡುವಿನ ಪೈಪಿನಲ್ಲಿ. ಟ್ಯಾಂಕಿನ ಬಾಯಲ್ಲೇ ಗುಳ್ಳೆ ಇದ್ದರೆ ಟ್ಯಾಂಕಿನ ಒಳಗೆ ಇಳಿದಿರುವ ಸಕ್ಷನ್ ಪೈಪು ಹೋಗಿದೆ. ನನ್ನ ಅನುಮಾನ ಅದರ ಮೇಲೇ. ಅರ್ಧದಿಂದ ಮೇಲೆ ಎಲ್ಲೋ ತುಕ್ಕು ತಿಂದು ಸೂಜಿ ತೂತು ಆಗಿದ್ದರೆ, ಟ್ಯಾಂಕ್ ತುಂಬಿದಾಗ ಆ ತೂತು ಡೀಸೆಲ್ಲಿನಲ್ಲಿ ಮುಳುಗುತ್ತದೆ. ಆಗ ಗಾಳಿ ಹೋಗಲು ದಾರಿ ಇಲ್ಲ. ನಿಮ್ಮ ಪುತ್ತೂರು ಟ್ರಿಪ್ಪಿನ ಕತೆಗೆ ಸರಿಯಾಗಿ ಹೊಂದುತ್ತದೆ ಅಲ್ವಾ? ಆದರೂ ಪೈಪು ಹಾಕಿ ಕಣ್ಣಾರೆ ನೋಡದೆ ಟ್ಯಾಂಕ್ ಬಿಚ್ಚಬೇಡಿ. ನಡುವಿನ ಪೈಪಿನಲ್ಲಿ ತೀರಾ ಸಣ್ಣ ತೂತಿದ್ದರೂ ಫುಲ್ ಟ್ಯಾಂಕಿನಲ್ಲಿ ತೊಂದರೆ ಸ್ವಲ್ಪ ಕಮ್ಮಿ ಕಾಣಬಹುದು.

ಪಾರದರ್ಶಕ ಪೈಪನ್ನು ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ. ಡೀಸೆಲ್ಲಿಗೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಏರ್ ತೆಗೆಯಲು ನಾಝಲ್ ಪೈಪಿನ ನಟ್ಟು ಸಡಿಲ ಮಾಡಬೇಕಾಗಿ ಬಂದರೆ ಅರ್ಧ ಸುತ್ತು ಸಾಕು. ಬೆರಳು ದೂರ ಇರಲಿ, ಮುಖ ದೂರ ಇರಲಿ. ಆ ಪೈಪಿನಲ್ಲಿ ಒತ್ತಡ 100 ಬಾರ್‌ಗಿಂತ ಜಾಸ್ತಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೆ ಆದರೆ ಗಾಯ ಸಣ್ಣದು ಕಂಡರೂ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮತ್ತೆ ಸೆಲ್ಫನ್ನು ಒಂದೇ ಸಮ ಹೊಡೆಯಬೇಡಿ. 10 ಸೆಕೆಂಡ್ ಹೊಡೆದು, ಸ್ವಲ್ಪ ಬಿಟ್ಟು ಹೊಡೆಯಿರಿ.

ಉಪ್ಪಳ ಕಮಾಂಡರ್:

ಒಳ್ಳೆ ವಿವರಣೆ. ನಮ್ಮ ಕಡೆಯ ತೋಟದ ಜೀಪುಗಳಿಗೆ ಮಾತ್ರ ಇರುವ ಒಂದು ರೋಗ ಸೇರಿಸುತ್ತೇನೆ. ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ನೀರನ್ನು ಡ್ರಮ್ಮಿನಲ್ಲಿ ತುಂಬಿ ಜೀಪಿನ ಹಿಂದೆ ಸಾಗಿಸುತ್ತೇವಲ್ಲ, ಅದು ತುಳುಕಿ ಅಡಿಗೆ ಇಳಿಯುತ್ತದೆ. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಸುಣ್ಣ ಸೇರಿಸಿದ ಬೋರ್ಡೋ ದ್ರಾವಣಕ್ಕಿಂತ ಸುಣ್ಣ ಸೇರಿಸುವ ಮುಂಚಿನ ನೀರು ಜಾಸ್ತಿ ಅಪಾಯ. ಅಡಿಯಲ್ಲಿ ಹಾದು ಹೋಗುವ ಡೀಸೆಲ್ ಪೈಪನ್ನು ಕ್ಲಿಪ್ಪು ಹಿಡಿದಿರುವ ಜಾಗಗಳಲ್ಲಿ ಉಗುರಿನಿಂದ ಕೆರೆದು ನೋಡಿ. ಕ್ಲಿಪ್ಪಿನ ಅಡಿಯಲ್ಲೇ ನೀರು ನಿಲ್ಲುವುದು. ಹಾಗೇ ಬ್ರೇಕ್ ಪೈಪನ್ನೂ ನೋಡಿ, ಅದು ಜೀವದ ಪ್ರಶ್ನೆ.

ಪಡ್ರೆ ಜೀಪು:

ಎಲ್ಲ ಮಾಡಿದೆ. ಫಲಿತಾಂಶ ಹೇಳುತ್ತೇನೆ.

ಕ್ಯಾನ್ ಕಟ್ಟಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಹೀಟರ್ ಹಾಕಿ ಸೆಲ್ಫ್ ಮುಟ್ಟಿದ್ದಷ್ಟೇ, ಸ್ಟಾರ್ಟ್! ಮನೆಯವರೆಲ್ಲ ಅಂಗಳಕ್ಕೆ ಬಂದರು. ಪಂಪು ಸರಿ ಇದೆ ಅಂತ ಖಾತ್ರಿಯಾಯಿತು. ರಟ್ಟಿನಲ್ಲೂ ಹನಿ ಇಲ್ಲ.

ಆಮೇಲೆ ಪಾರದರ್ಶಕ ಪೈಪು ಹಾಕಿದೆ. ಫೀಡ್ ಪಂಪಿನ ಹತ್ತಿರ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಟ್ಯಾಂಕಿನ ಬಾಯಿಗೆ ಹಾಕಿದರೆ ಅಲ್ಲೂ ಅದೇ. ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲ್ ಸುರಿಯುತ್ತಾ ಹೋದೆ. ಮುಕ್ಕಾಲು ಭಾಗ ದಾಟಿದ್ದೇ ಗುಳ್ಳೆ ಪೂರ್ತಿ ನಿಂತಿತು. ಅದನ್ನು ನೋಡಿ ಆದ ಸಂತೋಷ ಬರೆಯಲು ಬರುವುದಿಲ್ಲ.

ಸಕ್ಷನ್ ಪೈಪನ್ನು ಹೊರಗೆ ತೆಗೆದಿದ್ದೇನೆ. ಮೇಲಿನ ಪ್ಲೇಟಿನಿಂದ ಎರಡು ಬೆರಳು ಕೆಳಗೆ ಕಪ್ಪು ಕಲೆಯಂತೆ ತುಕ್ಕು. ಒರೆಸಿ, ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದರೆ ಅಲ್ಲಿಂದಲೇ ಗುಳ್ಳೆ. ಈಗ ಏನು ಮಾಡಲಿ? ಎಂ-ಸೀಲ್ ಹಚ್ಚಿದರೆ ನಿಲ್ಲುತ್ತದಾ?

ಬದಿಯಡ್ಕ ಡೀಸೆಲ್:

ಶಾಬಾಸ್! ಡೀಸೆಲ್ ಸುರಿಯುತ್ತಾ ಗುಳ್ಳೆ ನಿಲ್ಲುವ ಮಟ್ಟ ನೋಡಿದಿರಲ್ಲ, ಅದು ನನಗೂ ಹೊಳೆದಿರಲಿಲ್ಲ. ತೂತು ಎಷ್ಟು ಎತ್ತರದಲ್ಲಿದೆ ಅಂತ ಬಿಚ್ಚದೆಯೇ ಗೊತ್ತಾಗುವ ಒಳ್ಳೆ ಉಪಾಯ.

ಎಂ-ಸೀಲ್ ಬೇಡ. ಸದಾ ಡೀಸೆಲ್ಲಿನಲ್ಲಿ ನೆನೆಯುವ ಜಾಗ, ಜೊತೆಗೆ ನಮ್ಮ ರಸ್ತೆಯ ಕುಲುಕಾಟ. ತುಂಡು ಉದುರಿ ಪೈಪಿಗೆ ಸಿಕ್ಕಿಕೊಂಡರೆ ಇನ್ನೊಂದು ತಲೆನೋವು. ಗ್ಯಾಸ್ ವೆಲ್ಡಿಂಗ್ ಮಾಡುವವರ ಹತ್ತಿರ ಹಿತ್ತಾಳೆ ಬೆಸುಗೆ ಹಾಕಿಸಿ. ಪೈಪು ತೀರಾ ತೆಳ್ಳಗಾಗಿದ್ದರೆ ಅದೇ ಅಳತೆಯ ಹೊಸ ಪೈಪನ್ನೇ ಪ್ಲೇಟಿಗೆ ಕೂರಿಸಲು ಹೇಳಿ. ನನ್ನ ಮಟ್ಟಿಗೆ ಹೊಸ ಪೈಪೇ ಒಳ್ಳೆಯದು. ಒಂದು ಕಡೆ ತೂತಾದ ಪೈಪು ಪಕ್ಕದಲ್ಲೂ ತೂತಾಗುತ್ತದೆ. ಕೆಳತುದಿ ಟ್ಯಾಂಕಿನ ತಳಕ್ಕೆ ತಾಗಬಾರದು. ಹಳೇದರ ಉದ್ದವನ್ನೇ ಇಟ್ಟುಕೊಳ್ಳಿ.

ಬಿಚ್ಚಿದ ಪೈಪನ್ನು ಮಾತ್ರ ಒಯ್ಯಿರಿ. ಟ್ಯಾಂಕನ್ನು ಯಾವ ಕಾರಣಕ್ಕೂ ಬೆಂಕಿಯ ಹತ್ತಿರ ಒಯ್ಯಬೇಡಿ. ಖಾಲಿ ಟ್ಯಾಂಕ್ ಸಾಧು ಅಂತ ಕಾಣುತ್ತದೆ, ಆದರೆ ಒಳಗಿನ ಆವಿಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಇಂಥದ್ದರಲ್ಲಿ ಜೀವ ಹೋದವರು ಇದ್ದಾರೆ.

ಪೈಪು ಹೊರಗೆ ಇರುವಾಗಲೇ ಟಾರ್ಚ್ ಬಿಟ್ಟು ಟ್ಯಾಂಕಿನ ಒಳಗೆ ನೋಡಿ. ಬರೀ ಟಾರ್ಚ್, ಹೋಲ್ಡರ್ ಬಲ್ಬ್ ಇಳಿಸಬೇಡಿ. ಟ್ಯಾಂಕ್ ಕಾಲು ಭಾಗ ಮಾತ್ರ ಇದ್ದರೆ ಮೇಲಿನ ಖಾಲಿ ಜಾಗದಲ್ಲಿ ಮಳೆಗಾಲದ ತೇವ ಹನಿಯಾಗಿ ಕೂರುತ್ತದೆ. ಪೈಪಿನ ಮೇಲ್ಭಾಗವೇ ತುಕ್ಕು ತಿಂದದ್ದು ಅದಕ್ಕೇ. ತಳದಲ್ಲಿ ಕೆಂಪು ಹುಡಿ ಇದ್ದರೆ ಎಲ್ಲ ಡೀಸೆಲ್ ಇಳಿಸಿ, ಚೊಕ್ಕ ಡೀಸೆಲ್ಲಿನಲ್ಲೇ ತೊಳೆಯಿರಿ. ನೀರು ಹಾಕಬೇಡಿ. ಇನ್ನು ಮುಂದೆ ಆಟಿಯ ಮಳೆಯಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ಜೋಡಿಸುವಾಗ ತಾಮ್ರದ ವಾಶರ್‌ಗಳನ್ನು ಹೊಸತು ಹಾಕಿ. ಸಿಗದಿದ್ದರೆ ಹಳೇದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಕಬ್ಬಿಣಕ್ಕೂ ತಾಮ್ರಕ್ಕೂ ಇರುವ ವ್ಯತ್ಯಾಸ ಇದೇ, ಹೀಗೆ ಮಾಡಿದರೆ ತಾಮ್ರ ಗಟ್ಟಿಯಾಗುವುದಿಲ್ಲ. ಎರಡೂ ಮುಖವನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ಕೂರಿಸಿ.

ಮುಳ್ಳೇರಿಯದ ಹುಡುಗ:

ಅಣ್ಣ, ನನ್ನದೊಂದು ಸಂಶಯ. ಈ ಪ್ಯೂಜೊ ಎಂಜಿನ್ ಬಿಡಿಭಾಗ ಇನ್ನು ಸಿಗುವುದಿಲ್ಲ, ತೆಗೆದು ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಕೂರಿಸಿ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಬದಿಯಡ್ಕ ಡೀಸೆಲ್:

ಎಲ್ಲರೂ ಹೇಳುತ್ತಾರೆ, ಆದರೆ ನಾನು ಒಪ್ಪುವುದಿಲ್ಲ. ಮಹೀಂದ್ರಾದವರು 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪೆನಿಯಿಂದ ಲೈಸೆನ್ಸ್ ತೆಗೆದುಕೊಂಡು ಇಲ್ಲೇ ಮಾಡಿದ ಎಂಜಿನ್ ಇದು, 2112 ಸಿಸಿ. ಎಷ್ಟೋ ಗಾಡಿಗಳಲ್ಲಿ ಓಡಿದೆ. ಫಿಲ್ಟರ್, ಗ್ಯಾಸ್ಕೆಟ್, ಹೀಟರ್ ಪ್ಲಗ್ ಹುಡುಕಿದರೆ ಮಂಗಳೂರಿನಲ್ಲಿ ಸಿಗುತ್ತದೆ. ಡಿಐ ಎಂಜಿನ್ನಿಗೆ ಎಳೆತ ಜಾಸ್ತಿ, ನಿಜ. ಆದರೆ ಇದರ ಓಟ ನಯ, ಸದ್ದು ಕಮ್ಮಿ. ಎಂಜಿನ್ ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾವಣೆ ಮಾಡಿಸಬೇಕು. ಅನುಮತಿ ಇಲ್ಲದೆ ಮಾಡಿದರೆ ಮರುನೋಂದಣಿಗೆ ಹೋದಾಗ ಎಂಜಿನ್ ನಂಬರ್ ಹೊಂದುವುದಿಲ್ಲ, ಗಾಡಿ ಅಲ್ಲೇ ನಿಲ್ಲುತ್ತದೆ. ಕಂಪ್ರೆಷನ್ ಚೆನ್ನಾಗಿರುವ ಎಂಜಿನ್ನನ್ನು ಕಿತ್ತು ಹಾಕುವುದು ನನ್ನ ಕೈಯಿಂದ ಆಗದು.

ಪಡ್ರೆ ಜೀಪು:

ಹೊಸ ಪೈಪು ಕೂರಿಸಿ ಆಯಿತು. ಟ್ಯಾಂಕಿನ ತಳದಲ್ಲಿ ಒಂದು ಬೊಗಸೆ ಕೆಂಪು ಹುಡಿ ಇತ್ತು, ತೊಳೆದೆ. ಈಗ ಬೇಕೆಂದೇ ಕಾಲು ಟ್ಯಾಂಕ್ ಇಟ್ಟು, ಮೂತಿ ಮೇಲೆ ಮಾಡಿ, ದಿನಾ ಅದೇ ದರೆಯ ಹತ್ತಿರ ನಿಲ್ಲಿಸುತ್ತಿದ್ದೇನೆ. ಕೈ ಪಂಪು ಮುಟ್ಟಬೇಕಾಗಿಲ್ಲ. ಬದಿಯಡ್ಕದ ಅಣ್ಣ, ನಿಮ್ಮ ಉಪಕಾರ ಮರೆಯುವುದಿಲ್ಲ. ಉಪ್ಪಳದವರು ಹೇಳಿದ ಹಾಗೆ ಅಡಿಯ ಪೈಪುಗಳನ್ನೂ ನೋಡಿದೆ. ಡೀಸೆಲ್ ಪೈಪು ಗಟ್ಟಿ ಇದೆ. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪಿನಲ್ಲಿ ಒಂದು ಕ್ಲಿಪ್ಪಿನ ಅಡಿ ಪದರ ಪದರ ಎದ್ದಿದೆ. ಬ್ರೇಕ್ ಕೆಲಸ ಮುಗಿಯಿತು ಅಂತ ಬಿಟ್ಟಿದ್ದೆ, ಆದರೆ ಆ ಕ್ಲಿಪ್ಪು ತೆಗೆದಿರಲಿಲ್ಲ. ಅದು ಬದಲಾಗುವವರೆಗೆ ಗಾಡಿ ಗೇಟು ದಾಟುವುದಿಲ್ಲ. ಪೈಪಿನ ತುದಿ ಅರಳಿಸುವ ಉಪಕರಣ ಪುತ್ತೂರಿನಲ್ಲೋ ಕಾಸರಗೋಡಿನಲ್ಲೋ ಬಾಡಿಗೆಗೆ ಸಿಗುತ್ತದಾ?

ಉಪ್ಪಳ ಕಮಾಂಡರ್:

ಬಾಡಿಗೆ ಬೇಡ, ನನ್ನ ಹತ್ತಿರ ಇದೆ. ಬ್ರೇಕ್ ಪೈಪಿಗೆ ಎರಡು ಮಡಿಕೆ ಅರಳಿಸಬೇಕು, ಏಸಿ ರಿಪೇರಿಯವರು ಮಾಡುವ ಒಂದು ಮಡಿಕೆ ಬ್ರೇಕಿಗೆ ಆಗದು. ಹಳೇ ಪೈಪನ್ನು ಬಗ್ಗಿದ ಹಾಗೇ ಬಿಚ್ಚಿ ತನ್ನಿ, ಅದನ್ನೇ ಅಳತೆಗೆ ಇಟ್ಟು ಹೊಸತು ಮಾಡೋಣ. ಜೀಪಿನಲ್ಲಿ ಬರಬೇಡಿ, ಬಸ್ಸಿನಲ್ಲಿ ಬನ್ನಿ.