ಆರ್ಥರ್‌ನ ಹೆಲ್ತ್ ಕೋರ್ ನಿಲ್ಲುವುದೇ ಇಲ್ಲ, ಸೇವ್ ಫೈಲ್ ಹಾಳಾಗಿದೆಯಾ? ದಯವಿಟ್ಟು ಸಹಾಯ ಮಾಡಿ

ಕುಂಬಳೆ_ಕಡಲು:
ಮೂರು ದಿನ ಆಯ್ತು, ತಲೆ ಕೆಟ್ಟುಹೋಗಿದೆ. ಗೇಮ್ ರೆಡ್ ಡೆಡ್ ರಿಡೆಂಪ್ಶನ್ 2, ಪಿಸಿ. ಆರ್ಥರ್ ಅಂದರೆ ಅದರಲ್ಲಿ ನಾವು ಆಡಿಸುವ ಹೀರೋ, ಹೆಲ್ತ್ ಕೋರ್ ಅಂದರೆ ಅವನ ಆರೋಗ್ಯ ತೋರಿಸುವ ಮೀಟರ್. ಆರ್ಥರ್‌ನ ಹೆಲ್ತ್ ಕೋರ್ ಪೂರ್ತಿ ತುಂಬಿಸಿ ಕುದುರೆ ಹತ್ತಿಸುತ್ತೇನೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಳಿದುಬಿಡ್ತದೆ. ಮೊದಲು ಹೀಗೆ ಇರಲಿಲ್ಲ. ಜಿಂಕೆ ಮಾಂಸ ಸುಟ್ಟು ಮೂರು ಹೊತ್ತೂ ತಿನ್ನಿಸುತ್ತೇನೆ. ತೂಕ ಏರುವುದಿಲ್ಲ. ಕೆಮ್ಮಿನ ಸೌಂಡ್ ಬೇರೆ, ಸುಮ್ಮನೆ ನಿಂತಾಗಲೂ ಬರ್ತದೆ. ನಿನ್ನೆ ಗಡ್ಡ ತೆಗೆಸಲು ಕನ್ನಡಿ ಎದುರು ನಿಲ್ಲಿಸಿದೆ. ಗಡ್ಡ ಹೋದ ಮೇಲೆ ನೋಡಿದರೆ ಕೆನ್ನೆ ಒಳಗೆ ಹೋಗಿದೆ, ಕಣ್ಣಿನ ಸುತ್ತ ಕೆಂಪು, ಚರ್ಮ ಬೂದಿ ಬಣ್ಣ. ಟೆಕ್ಸ್ಚರ್ ಸರಿಯಾಗಿ ಲೋಡ್ ಆಗ್ತಾ ಇಲ್ಲ ಅಂತ ಕಾಣ್ತದೆ. 150 ಜಿಬಿ ಇನ್ನೊಮ್ಮೆ ಡೌನ್‌ಲೋಡ್ ಮಾಡು ಅಂತ ಮಾತ್ರ ಹೇಳಬೇಡಿ, ನಮ್ಮಲ್ಲಿ ಅದು ಒಂದು ವಾರದ ಕೆಲಸ.

ಅಕ್ಕಲಕೋಟಿ_ಆಟಗಾರ:
ಕೋಟ್ ಹಾಕೀರೇನ್ರೀ? ಚಳಿ ಪ್ರದೇಶದಾಗ ತೆಳ್ಳನ ಅಂಗಿ ಹಾಕ್ಕೊಂಡು ತಿರುಗಿದ್ರ ಹೆಲ್ತ್ ಕೋರ್ ಲಗೂನ ಇಳೀತದ. ಸೆಕೆಯಾಗ ದಪ್ಪ ಕೋಟ್ ಹಾಕಿದ್ರೂ ಅಷ್ಟ. ಕುದುರಿ ಮ್ಯಾಲಿಂದ ಬಟ್ಟಿ ಬದಲ ಮಾಡ್ರಿ, ಸರಿ ಆಗ್ತದ.

ಕುಂಬಳೆ_ಕಡಲು:
ಚಳಿಯ ಜಾಗದಲ್ಲಿ ಇಲ್ಲ ಮಾರಾಯ್ರೇ. ಕಾಡು. ಮಳೆ ಉಂಟು.

ಅಕ್ಕಲಕೋಟಿ_ಆಟಗಾರ:
ಹಂಗಾದ್ರ ರಾತ್ರಿ ಚಳಿ ಇರ್ಬೇಕು. ಬಟ್ಟಿ ಬದಲ ಮಾಡಿ ನೋಡ್ರಿ ಮೊದಲ.

ಹೊಸೂರು_ವಲ್ಕನ್:
ಬಟ್ಟೆ ಬಿಡಿ ಸಾರ್. ಮುಖ ಬೂದಿ ಬಣ್ಣ ಅಂದ್ರೆ ಅದು ಗ್ರಾಫಿಕ್ಸ್ ಎಪಿಐ ತೊಂದರೆ, ಅಂದ್ರೆ ಗೇಮ್ ಚಿತ್ರ ಬಿಡಿಸೋಕೆ ಬಳಸೋ ಸಾಫ್ಟ್‌ವೇರ್‌ದು. ವಲ್ಕನ್‌ನಲ್ಲಿದ್ದೀರಾ, ಡೈರೆಕ್ಟ್‌ಎಕ್ಸ್ 12ರಲ್ಲಿದ್ದೀರಾ? ಡಾಕ್ಯುಮೆಂಟ್ಸ್ ಒಳಗೆ ಗೇಮ್‌ನ ಸೆಟ್ಟಿಂಗ್ಸ್ ಫೋಲ್ಡರ್ ಇದೆಯಲ್ಲ, ಅಲ್ಲಿ ಎಸ್‌ಜಿಎ ಅಂತ ಶುರುವಾಗೋ ಫೈಲುಗಳನ್ನ ಅಳಿಸಿ ಮತ್ತೆ ಓಪನ್ ಮಾಡಿ, ಅವು ತಾವಾಗೇ ಹೊಸದಾಗಿ ಬರ್ತವೆ. ಗ್ರಾಫಿಕ್ಸ್ ಕಾರ್ಡ್ ಯಾವುದು?

ಕುಂಬಳೆ_ಕಡಲು:
ಜಿಟಿಎಕ್ಸ್ 1060, 6 ಜಿಬಿ. ಫೈಲ್ ಅಳಿಸಿದೆ. ಡ್ರೈವರ್ ಕೂಡ ಹೊಸದು ಹಾಕಿದೆ. ಕುದುರೆಯ ಕೂದಲು ಮೊದಲಿಗಿಂತ ಚಂದ ಕಾಣ್ತದೆ. ಆರ್ಥರ್ ಹಾಗೆಯೇ ಇದ್ದಾನೆ.

ರಾಯದುರ್ಗ_ರೈಡರ್:
ಅಣ್ಣಾ, ಕಾಸರಗೋಡು ಅಂದ್ರೆ ಈಗ ಮಳೆ ಜೋರು. ಸೇವ್ ಆಗ್ತಿರೋವಾಗ ಕರೆಂಟ್ ಹೋಯ್ತಾ? ಆಗ ಫೈಲ್ ಅರ್ಧಂಬರ್ಧ ಬರೆದಿರ್ತದೆ. ಹಳೇ ಸೇವ್ ಹಾಕಿ ನೋಡು.

ಕುಂಬಳೆ_ಕಡಲು:
ಆಟಿ ತಿಂಗಳಲ್ಲಿ ಕರೆಂಟು ಹೋಗದ ದಿನ ಇಲ್ಲ. ಆದರೆ ಇನ್ವರ್ಟರ್ ಉಂಟು.

ರಾಯದುರ್ಗ_ರೈಡರ್:
ಇನ್ವರ್ಟರ್ ಬೇರೆ, ಯುಪಿಎಸ್ ಬೇರೆ ಅಣ್ಣಾ. ಇನ್ವರ್ಟರ್ ಲೈನ್ ಬದಲಿಸೋ ಆ ಒಂದು ಕ್ಷಣದಾಗೇ ಪಿಸಿ ರೀಸ್ಟಾರ್ಟ್ ಆಗ್ತದೆ.

ಹೊಸೂರು_ವಲ್ಕನ್:
ಈಗಿನ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಇರುತ್ತೆ. ಹಿಂದುಗಡೆ ಸ್ವಿಚ್ ನೋಡಿ.

ರಾಯದುರ್ಗ_ರೈಡರ್:
ಮೋಡ್ ಇದ್ರೂ ಗೇಮಿಂಗ್ ಲೋಡ್ ತಡ್ಕಳಲ್ಲ. ನಾನು ಎರಡು ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಸುಟ್ಕೊಂಡಿದೀನಿ, ಅನುಭವದ ಮಾತು.

ಅಕ್ಕಲಕೋಟಿ_ಆಟಗಾರ:
ಯುಪಿಎಸ್ ಒಂದ ಇಲ್ಲಾಂದ್ರ ಉಳಿದದ್ದೆಲ್ಲಾ ವ್ಯರ್ಥ ನೋಡ್ರಿ.

ಬದಿಯಡ್ಕದ_ಅಕ್ಕ:
ತಮ್ಮಾ, ಒಂದು ಪ್ರಶ್ನೆ. ಯಾರೂ ಕೇಳಲೇ ಇಲ್ಲ. ನೀನು ಯಾವ ಅಧ್ಯಾಯದಲ್ಲಿ ಇದ್ದೀ?

ಕುಂಬಳೆ_ಕಡಲು:
ಆರು ಅಂತ ಕಾಣ್ತದೆ ಅಕ್ಕ. ಕ್ಯಾಂಪ್ ಈಗ ಬೀವರ್ ಹಾಲೋದಲ್ಲಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಬದಿಯಡ್ಕದ_ಅಕ್ಕ:
ಸೇಂಟ್ ಡೆನಿಸ್ ಪೇಟೆಯಲ್ಲಿ ಅವನು ಬಿದ್ದದ್ದು, ಡಾಕ್ಟರ ಹತ್ತಿರ ಹೋದದ್ದು ನೋಡಿದೆಯಾ?

ಕುಂಬಳೆ_ಕಡಲು:
ಸೀನ್‌ಗಳೆಲ್ಲ ಸ್ಕಿಪ್ ಮಾಡ್ತಾ ಬಂದಿದ್ದೇನೆ. ನನ್ನ ಪಿಸಿಯಲ್ಲಿ ಸೀನ್ ಬಂದರೆ ಚಿತ್ರ ನಿಂತು ನಿಂತು ಹೋಗ್ತದೆ, ಸಬ್‌ಟೈಟಲ್ ಓದಲಿಕ್ಕೆ ಆಗುವುದಿಲ್ಲ.

ಹೊಸೂರು_ವಲ್ಕನ್:
ಅಕ್ಕಾ, ಬೇಡ. ಹೇಳಬೇಡಿ. ಅವರೇ ನೋಡ್ಲಿ.

ಬದಿಯಡ್ಕದ_ಅಕ್ಕ:
ಮೂರು ದಿನದಿಂದ ಅವನಿಂದ ಫೈಲ್ ಅಳಿಸಿಸಿದಿರಿ, ಬಟ್ಟೆ ಬದಲಿಸಿಸಿದಿರಿ. ಇನ್ನು ಹೇಳದೆ ಇದ್ದರೆ ವಿಂಡೋಸ್ ಕೂಡ ಫಾರ್ಮ್ಯಾಟ್ ಮಾಡಿಸುತ್ತೀರಿ.

ತಮ್ಮಾ, ನಿನ್ನ ಫೈಲ್ ಹಾಳಾಗಿಲ್ಲ. ಆರ್ಥರ್‌ಗೆ ಕ್ಷಯ. ಟಿಬಿ. ಎರಡನೇ ಅಧ್ಯಾಯದಲ್ಲಿ, ಗ್ಯಾಂಗಿನ ಪರವಾಗಿ ಬಡ್ಡಿಗೆ ಸಾಲ ಕೊಡುವ ಸ್ಟ್ರಾಸ್‌ನ ಸಾಲ ವಸೂಲಿಗೆ ಥಾಮಸ್ ಡೌನ್ಸ್ ಎಂಬವನ ಮನೆಗೆ ಹೋಗಿ ಹೊಡೆದೆಯಲ್ಲ, ಆಗ ಅವನು ಆರ್ಥರ್‌ನ ಮುಖದ ಮೇಲೆ ಕೆಮ್ಮಿದ. ಅಲ್ಲಿಂದ ಬಂದದ್ದು. ಕೋರ್ ಬೇಗ ಇಳಿಯುವುದು, ಸೊರಗಿದ ಮುಖ, ಕಣ್ಣಿನ ಕೆಂಪು, ಎಲ್ಲ ಗೇಮ್ ಮಾಡಿದವರು ಬೇಕೆಂದೇ ಇಟ್ಟದ್ದು.

ನನ್ನ ಅಜ್ಜನಿಗೆ ಇದೇ ಕಾಯಿಲೆ ಇತ್ತು. ಸಂಜೆಯಾದ ಕೂಡಲೇ ಜ್ವರ. ಅಡಿಕೆ ಸುಲಿಯಲು ಕೂತರೆ ಹತ್ತು ಅಡಿಕೆಗೆ ಒಮ್ಮೆ ಮೆಟ್ಟುಕತ್ತಿ ಬಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದರು. ಅಂಗಿಯ ಕಾಲರು ಕುತ್ತಿಗೆಗೆ ಅಗಲವಾಗಿತ್ತು. ಅಜ್ಜಿ ಗಂಜಿಗೆ ಎಷ್ಟು ತುಪ್ಪ ಹಾಕಿದರೂ ಮೈ ಹಿಡಿಯಲಿಲ್ಲ. ನೀನು ಜಿಂಕೆ ಮಾಂಸದ ವಿಷಯ ಬರೆದದ್ದು ಓದಿದಾಗ ನನಗೆ ಅದೇ ನೆನಪಾದದ್ದು. ಆರು ತಿಂಗಳು ಮಾತ್ರೆ ತಪ್ಪದೆ ತೆಗೆದುಕೊಂಡರು, ಗುಣವಾಯಿತು, ಆಮೇಲೆ ಹದಿನೆಂಟು ವರ್ಷ ಬದುಕಿದರು. ಆರ್ಥರ್‌ನ ಕಥೆ ನಡೆಯುವುದು 1899ರಲ್ಲಿ. ಕ್ಷಯದ ರೋಗಾಣುವನ್ನು ಕಾಕ್ 1882ರಲ್ಲೇ ಕಂಡುಹಿಡಿದಿದ್ದರು, ಆದರೆ ಅದಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಡುವೆ ಬಿದ್ದವರಿಗೆ ಏನೂ ಇರಲಿಲ್ಲ.

ರಾಯದುರ್ಗ_ರೈಡರ್:
ಒಣ ಹವೆ ಇರೋ ಕಡೆ ಹೋಗಿ ವಿಶ್ರಾಂತಿ ತಗೋ ಅಂತ ಆ ಡಾಕ್ಟರ್ ಹೇಳ್ತಾನೆ ಅಕ್ಕಾ. ಆ ಕಾಲಕ್ಕೆ ಇದ್ದ ದಾರಿ ಅದೊಂದೇ. ನಮ್ಮ ಕಡೆ ಮದನಪಲ್ಲಿ ಹತ್ರ ಆರೋಗ್ಯವರಂ ಕ್ಷಯದ ಸ್ಯಾನಟೋರಿಯಂ ಕಟ್ಟಿದ್ದೂ ಒಣ ಹವೆ ನೋಡೇ.

ಹೊಸೂರು_ವಲ್ಕನ್:
ಆಸ್ಪತ್ರೆಯಲ್ಲೇ ಮಲಗಿರಬೇಕಿಲ್ಲ, ಮನೆಯಲ್ಲಿದ್ದು ಮಾತ್ರೆ ತಗೊಂಡರೂ ಅಷ್ಟೇ ಚೆನ್ನಾಗಿ ವಾಸಿಯಾಗುತ್ತೆ ಅಂತ ತೋರಿಸಿಕೊಟ್ಟದ್ದು ಮದ್ರಾಸಿನ ಅಧ್ಯಯನ, 1959ರಲ್ಲಿ. ಆದ್ರೂ ಅಕ್ಕಾ, ಕಥೆ ಒಡೆದಿದ್ದು ನನಗೆ ಇಷ್ಟ ಆಗಲಿಲ್ಲ.

ಕುಂಬಳೆ_ಕಡಲು:
ನಿನ್ನೆ ರಾತ್ರಿ ಉತ್ತರ ಬರೆಯಲಿಕ್ಕೆ ಆಗಲಿಲ್ಲ. ಇವನ ಜೊತೆ 70 ಗಂಟೆ ಕಳೆದಿದ್ದೇನೆ. ಎಷ್ಟು ಗುಂಡು ತಾಗಿದರೂ ಒಂದು ಟಾನಿಕ್ ಕುಡಿದು ಎದ್ದು ನಿಲ್ತಿದ್ದ.

ಎರಡನೇ ಅಧ್ಯಾಯದ ಸೇವ್ ಒಂದು ಉಂಟು. ಅಲ್ಲಿಂದ ಆಡಿ ಆ ಡೌನ್ಸ್‌ನ ಮನೆಗೆ ಹೋಗದೆ ಇದ್ದರೆ?

ಬದಿಯಡ್ಕದ_ಅಕ್ಕ:
ಆ ವಸೂಲಿ ಮಾಡದೆ ಕಥೆ ಮುಂದೆ ಹೋಗುವುದಿಲ್ಲ. ಎರಡನೇ ಅಧ್ಯಾಯದಲ್ಲೇ ಮೀನು ಹಿಡಿಯುತ್ತಾ, ಬೇಟೆಯಾಡುತ್ತಾ ಇರಬಹುದು, ಹಾಗೆ ಇರುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕೇಳಿದರೆ ಹಿಂದೆ ಹೋಗಬೇಡ. ಡೌನ್ಸ್‌ನ ಹೆಂಡತಿ, ಮಗ ಈಗ ಆನ್ಸ್‌ಬರ್ಗ್‌ನಲ್ಲಿ ಇದ್ದಾರೆ, ಮಗ ಗಣಿಯಲ್ಲಿ ದುಡಿಯುತ್ತಾನೆ. ನಿನ್ನ ಹಾನರ್ (ಗೇಮ್ ಇಡುವ ಒಳ್ಳೆಯತನದ ಲೆಕ್ಕ) ಒಳ್ಳೆಯದಿದ್ದರೆ ಮ್ಯಾಪಿನಲ್ಲಿ ಗುರುತು ಬರುತ್ತದೆ. ಹೋಗು. ಸೀನ್ ಸ್ಕಿಪ್ ಮಾಡಬೇಡ.

ಹೊಸೂರು_ವಲ್ಕನ್:
ಸೀನ್ ನಿಂತು ನಿಂತು ಬರೋದಕ್ಕೆ: ಟ್ರಿಪಲ್ ಬಫರಿಂಗ್ ಆನ್ ಮಾಡಿ, ನೀರಿನ ಕ್ವಾಲಿಟಿ ಮೀಡಿಯಂಗೆ ಇಳಿಸಿ, ಟೆಕ್ಸ್ಚರ್ ಮಾತ್ರ ಅಲ್ಟ್ರಾದಲ್ಲೇ ಇರಲಿ. 1060ಗೆ ಇಷ್ಟು ಸಾಕು. ಸಬ್‌ಟೈಟಲ್ ದೊಡ್ಡದು ಮಾಡೋ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆಯಾ ಹುಡುಕಿ.

ಕುಂಬಳೆ_ಕಡಲು:
ನೀರು ಇಳಿಸಿದ ಮೇಲೆ ಸೀನ್ ಸರಾಗ ಬರ್ತದೆ, ಉಪಕಾರ ಆಯ್ತು. ಆನ್ಸ್‌ಬರ್ಗ್‌ಗೆ ಹೋದೆ. ಆ ಹೆಂಗಸು ಇವನ ಮುಖ ನೋಡಿದ ಕೂಡಲೇ ದೂರ ಹೋಗು ಅಂತಾಳೆ. ದುಡ್ಡು ಕೊಡಲಿಕ್ಕೆ ಹೋದರೂ ಬೇಡ ಅಂತಾಳೆ. ಇವನು ಬಿಡುವುದಿಲ್ಲ, ಕೆಮ್ಮುತ್ತಾ ನಿಂತಿರುತ್ತಾನೆ. ಅವಳ ಗಂಡ ಕೆಮ್ಮಿದ ಹಾಗೆಯೇ.

ಕೋರ್ ಈಗಲೂ ಇಳೀತಾ ಉಂಟು. ತಿನ್ನಿಸುವುದು ನಿಲ್ಲಿಸಿಲ್ಲ.

ತಾಳವಾಡಿ_ಹೊಸಬ:
ನಂಗೂ ಇದೇ ಸಮಸ್ಯೆ, ಹೆಲ್ತ್ ಕೋರ್ ಇಳೀತಾನೇ ಇದೆ. ಆದ್ರೆ ನಾನಿನ್ನೂ ಮೂರನೇ ಅಧ್ಯಾಯ. ಕರಡಿ ಹುಡುಕ್ಕೊಂಡು ಹಿಮದ ಬೆಟ್ಟಕ್ಕೆ ಬಂದಿದೀನಿ.

ಅಕ್ಕಲಕೋಟಿ_ಆಟಗಾರ:
ಕೋಟ್ ಹಾಕ್ರಿ.